ಸತ್ತ ಮಂಗ ಯಾವ ಇಲಾಖೆಯದು?

ಬದುಕಿದ್ದಾಗ ಮಂಗ ನಮ್ಮದು. ಅಂದರೆ ನಮ್ಮ ಬಾಳೆಗೊನೆ, ನಮ್ಮ ಹೆಂಚು, ನಮ್ಮ ಶಾಪ. ಆಗ ಅದನ್ನು ತನ್ನದೆಂದು ಹೇಳಿಕೊಂಡು ಯಾವ ಇಲಾಖೆಯೂ ಬಂದದ್ದಿಲ್ಲ. ಸತ್ತ ಮೇಲೆ ಮಾತ್ರ ಅದಕ್ಕೆ ವಾರಸುದಾರರು ಹುಟ್ಟಿಕೊಳ್ಳುತ್ತಾರೆ. ಹುಟ್ಟಿಕೊಂಡ ಮರುಗಳಿಗೆಯೇ 'ನಾವಲ್ಲ, ಅವರು' ಎಂದು ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ.

ಮೂರು ವರ್ಷದ ಹಿಂದೆ ಜನವರಿಯಲ್ಲಿ ನಮ್ಮ ತೋಟದ ಕೆಳಗಿನ ಹಳ್ಳದ ಪಕ್ಕ ಒಂದು ಮುಸಿಯ ಸತ್ತು ಬಿದ್ದಿತ್ತು. ಬೇರೆ ಸೀಮೆಯವರಾದರೆ ಮೂಗು ಮುಚ್ಚಿಕೊಂಡು ಗುಂಡಿ ತೋಡುತ್ತಿದ್ದರು. ಸಾಗರ, ಸೊರಬದ ಕಡೆಯವರಿಗೆ ಆ ಸ್ವಾತಂತ್ರ್ಯ ಇಲ್ಲ. ಇದು ಮಂಗನ ಕಾಯಿಲೆಯ ಸೀಮೆ; ನಮ್ಮಲ್ಲಿ ಮಂಗ ಸತ್ತರೆ ಮುಂದಿನ ಸರದಿ ಯಾರದು ಎಂದು ಮನೆಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತೇವೆ.

ನಾನು ಮೊದಲು ಫೋನ್ ಮಾಡಿದ್ದು ಖಾಕಿಯವರಿಗೆ. ಇಲಾಖೆಗಳ ಹೆಸರು ಹೇಳುವುದಿಲ್ಲ, ನಾಳೆಯೂ ಅವರ ಹತ್ತಿರ ಕೆಲಸ ಬೀಳುತ್ತದೆ. ಬಟ್ಟೆ ನೋಡಿ ನೀವೇ ಗುರುತು ಹಿಡಿಯಿರಿ. "ತೋಟದೊಳಗೆ ಬಿದ್ದಿದೆಯೋ, ಕಾಡೊಳಗೋ?" ಎಂದರು. ತಲೆ ತೋಟದಲ್ಲಿದೆ, ಬಾಲ ಸೊಪ್ಪಿನ ಬೆಟ್ಟದಲ್ಲಿದೆ ಎಂದೆ. ಉದ್ದ ಬಾಲದ ಪ್ರಾಣಿಗಳಲ್ಲಿ ಈ ತೊಂದರೆ ಇದ್ದದ್ದೇ. "ಕೊಯ್ದು ನೋಡೋರು ಬೇರೆ, ಅವರಿಗೆ ಹೇಳಿ" ಎಂದು ಇಟ್ಟರು. ಗಮ್‌ಬೂಟಿನವರಿಗೆ ಹೇಳಿದೆ. "ಕೊಯ್ಯೋಕೆ ಖಾಕಿಯವರ ಪತ್ರ ಬೇಕು. ಅಷ್ಟಕ್ಕೂ ನಮ್ಮದು ದನ, ಎಮ್ಮೆ, ಕುರಿ, ಕೋಳಿ. ಮಂಗ ನಮ್ಮ ಲೆಕ್ಕಕ್ಕೆ ಬರಲ್ಲ." ಕೊನೆಗೆ ಬಿಳಿ ಕೋಟಿನವರು. ಅವರು ವಿನಯವಂತರು.

"ಮನೇಲಿ ಯಾರಿಗಾದ್ರೂ ಜ್ವರ ಬಂದಿದೆಯಾ ಸರ್?"

"ಇಲ್ಲ."

"ಬಂದ ಮೇಲೆ ಫೋನ್ ಮಾಡಿ."

ಮೂರನೆಯ ದಿನ ಮೂವರೂ ಮೂರು ಜೀಪಿನಲ್ಲಿ ಬಂದರು. ಮಂಗ ಅಷ್ಟರಲ್ಲಿ ಯಾವ ಪರೀಕ್ಷೆಗೂ ಒದಗದ ಸ್ಥಿತಿಗೆ ತಲುಪಿತ್ತು. ಅದರ ಮೈಮೇಲಿದ್ದ, ರೋಗ ದಾಟಿಸುವ ಉಣುಗುಗಳು ಮಾತ್ರ ಮೂರು ಜೀಪಿಗೆ ಕಾಯದೆ ಇಳಿದು, ದರಗಿನೊಳಗೆ ಸೇರಿ, ಮುಂದಿನ ಕೆಲಸ ಶುರು ಮಾಡಿಬಿಟ್ಟಿದ್ದವು. ಸುಟ್ಟರು, ಸುತ್ತ ಮಲಾಥಿಯಾನ್ ಪುಡಿ ಎರಚಿದರು, ಮೂರು ರಿಜಿಸ್ಟರಿನಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಒಂದೇ ಮಂಗ ಮೂರು ಕಡೆ ಸತ್ತಿತು.

ಆ ದಿನ ತಂಗಿಯ ಮಗಳು ಊರಲ್ಲಿದ್ದಳು. ಐದೂವರೆ ವರ್ಷದ ಬಿವಿಎಸ್‌ಸಿ, ಅದರ ಮೇಲೆ ಎರಡು ವರ್ಷದ ಎಂವಿಎಸ್‌ಸಿ ಮುಗಿಸಿ, ಇನ್ನೇನು ಕೆಲಸಕ್ಕೆ ಸೇರುತ್ತಾಳೆ ಎಂದು ನಾವೆಲ್ಲ ಎದುರು ನೋಡುತ್ತಿದ್ದ ಹುಡುಗಿ. ಜೀಪುಗಳ ಧೂಳು ಅಡಗಿದ ಮೇಲೆ, "ಮಾವ, ನಾನು ಇದರ ಮೇಲೇ ಪಿಎಚ್‌.ಡಿ. ಮಾಡ್ತೀನಿ" ಎಂದಳು.

"ಮಂಗನ ಮೇಲಾ?"

"ಅಲ್ಲ. ಆ ಮೂರು ಜೀಪಿನ ಮಧ್ಯೆ ಖಾಲಿ ಜಾಗ ಇತ್ತಲ್ಲ, ಅದರ ಮೇಲೆ."

ಆ ಖಾಲಿ ಜಾಗಕ್ಕೆ ಈಗ 'ಒನ್ ಹೆಲ್ತ್' ಎಂದು ಹೆಸರು. ಸರ್ಕಾರಿ ಕನ್ನಡದಲ್ಲಿ 'ಏಕ ಆರೋಗ್ಯ'. ಮನುಷ್ಯನ ಆರೋಗ್ಯ, ಪ್ರಾಣಿಯ ಆರೋಗ್ಯ, ಕಾಡಿನ ಆರೋಗ್ಯ ಮೂರೂ ಒಂದೇ ಎಂಬುದು ಇದರ ಸಾರ. 2004ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಪಂಡಿತರು ಸೇರಿ ಇದಕ್ಕೆ ಹನ್ನೆರಡು ಸೂತ್ರ ಬರೆದು, ಮ್ಯಾನ್‌ಹಟನ್ ಸೂತ್ರಗಳೆಂದು ಕರೆದರು. ಅದೇ ಮನೆತನದ ಇನ್ನೊಂದು ಗಂಟಿನಿಂದ, ಅಂದರೆ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, 1952ರಲ್ಲಿ ಪುಣೆಯಲ್ಲಿ ವೈರಸ್ ಸಂಶೋಧನಾ ಕೇಂದ್ರ ಶುರುವಾಗಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಅವುಗಳ ಹಿಂದೆಯೇ ಜನರೂ ಸಾಯತೊಡಗಿದಾಗ ಅಲ್ಲಿಂದ ತಂಡ ಇಳಿಯಿತು. ಕಾಡಿನಲ್ಲಿ ಮಂಗ ಸಾಯುವುದೆಂದರೆ ದಕ್ಷಿಣ ಅಮೆರಿಕದ ಹಳದಿ ಜ್ವರ ಇಲ್ಲಿಗೂ ಬಂತೇ ಎಂದು ಅವರಿಗೆ ದಿಗಿಲು. ನೋಡಿದರೆ ಸೊಳ್ಳೆಯಲ್ಲ, ಉಣುಗು. ವೈರಸ್ಸಿನ ಬಂಧುಬಳಗ ಎಲ್ಲಿಯದು ಎಂದು ಹುಡುಕಿದರೆ ರಷ್ಯಾದ ಕಡೆಯದು. ಹಾಗಾದರೆ ಸೈಬೀರಿಯಾದ ಹಕ್ಕಿ ತಂದಿರಬೇಕು ಎಂಬ ಅನುಮಾನದಲ್ಲಿ ಸಲೀಂ ಅಲಿಯಂಥವರು ವಲಸೆ ಹಕ್ಕಿಗಳ ಕಾಲಿಗೆ ಬಳೆ ತೊಡಿಸಿದ್ದೂ ಆಯಿತು. ವೈದ್ಯರು, ಪ್ರಾಣಿಶಾಸ್ತ್ರದವರು, ಹುಳಹುಪ್ಪಟೆ ಬಲ್ಲವರು, ಹಕ್ಕಿ ಬಲ್ಲವರು ಒಂದೇ ರೋಗದ ಬೆನ್ನು ಹತ್ತಿದ್ದರು. ಅದಕ್ಕೊಂದು ಹೆಸರಿಡಬೇಕೆಂದು ಅವರಿಗೆ ತೋಚಿರಲಿಲ್ಲ. ಮಗು ಹುಟ್ಟಿದ್ದು ನಮ್ಮ ಸೊರಬದಲ್ಲಿ, ನಾಮಕರಣ ನಲವತ್ತೇಳು ವರ್ಷ ಕಳೆದು ನ್ಯೂಯಾರ್ಕಿನಲ್ಲಿ. ನಡುವೆ ಆ ತಂಡ ಚದುರಿತು, ಜೀಪುಗಳು ಮೂರಾದವು.

ತಂಗಿಯ ಮಗಳು ಅರ್ಜಿ ತುಂಬಲು ಕೂತಳು. ಮೊದಲ ಕಾಲಮ್ಮಿನಲ್ಲೇ ತಡೆ. 'ವಿಷಯ: ವೈದ್ಯಕೀಯ / ಪಶುವೈದ್ಯಕೀಯ / ಜೀವವಿಜ್ಞಾನ. ಯಾವುದಾದರೂ ಒಂದನ್ನು ಮಾತ್ರ ಗುರುತಿಸಿ.' ಮೂರೂ ಒಂದೇ ಎಂದು ಸಾಧಿಸಹೊರಟವಳಿಗೆ ಒಂದನ್ನು ಮಾತ್ರ ಆರಿಸು ಎಂದರೆ? ಕೊನೆಗೆ ನಡುವಿನದಕ್ಕೆ ಟಿಕ್ ಹಾಕಿದಳು. ಇಂಗ್ಲಿಷಿನಲ್ಲಿ ಉಣುಗಿಗೂ ಅದೇ ಹೆಸರು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಅವಳು ಪಿಎಚ್‌.ಡಿ.ಗೆ ಸೇರಿದ ಸುದ್ದಿ ಕುಟುಂಬದಲ್ಲಿ ಹಬ್ಬಿದ ಹೊತ್ತಿಗೇ ಒಂದು ಉಪನಯನ ಬಂತು. ಪಂಕ್ತಿಯಲ್ಲಿ ನನ್ನ ಎದುರಿಗೆ ನಮ್ಮದೇ ಬಳಗದ ಒಬ್ಬ ಡಾಕ್ಟರು, ಊರಿನವರು 'ದೊಡ್ಡ ಡಾಕ್ಟ್ರು' ಎನ್ನುವಂಥವರು. "ಏನಮ್ಮಾ, ದನದ ಡಾಕ್ಟ್ರು ಮನುಷ್ಯರ ರೋಗಕ್ಕೆ ಕೈ ಹಾಕ್ತಾ ಇದೀಯಂತೆ?" ಎಂದರು, ಎರಡನೇ ಸಲ ತಂಬುಳಿ ಬಡಿಸಿಕೊಳ್ಳುತ್ತಾ. ಪಂಕ್ತಿ ನಕ್ಕಿತು. ಇವಳು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ದೊಡ್ಡಪ್ಪ, ನಿಮ್ಮ ಎಡತೋಳು ತೋರಿಸಿ."

"ಎಂತಕ್ಕೆ?"

"ಅಲ್ಲಿ ಒಂದು ದನದ ಡಾಕ್ಟ್ರ ಸಹಿ ಇದೆ."

ಶಲ್ಯ ಸರಿಸಿದರು. ಇತ್ತು. ನಮ್ಮೆಲ್ಲರ ತೋಳಿನಲ್ಲೂ ಇರುವ ಬಿಸಿಜಿ ಕಲೆ. ಬಿ ಎಂದರೆ ಬ್ಯಾಸಿಲಸ್. ಸಿ ಎಂದರೆ ಕಾಲ್ಮೆಟ್, ವೈದ್ಯ. ಜಿ ಎಂದರೆ ಗೆರಾಂ, ಪಶುವೈದ್ಯ. ಇಬ್ಬರು ಫ್ರೆಂಚರು 1908ರಲ್ಲಿ ಶುರು ಮಾಡಿ ಹದಿಮೂರು ವರ್ಷ ದನದ ಕ್ಷಯದ ರೋಗಾಣುವನ್ನು 230 ಸಲ ಹೊಸ ಹೊಸ ಪಾತ್ರೆಗೆ ದಾಟಿಸಿ ದಾಟಿಸಿ ಸಾಧು ಮಾಡಿದರು. 1921ರಲ್ಲಿ ಅದು ಮೊದಲ ಸಲ ಮನುಷ್ಯ ಶಿಶುವಿನ ಹೊಟ್ಟೆ ಸೇರಿತು. ಅದಕ್ಕೂ ಹಿಂದಿನದು ಬೇಕಾದರೆ 1796ರ ಜೆನ್ನರ್ ಇದ್ದಾನೆ, ಹಸುವಿನ ಸಿಡುಬಿನವನು. ವ್ಯಾಕ್ಸಿನ್ ಎಂಬ ಮಾತೇ ಲ್ಯಾಟಿನ್ ಹಸುವಿನಿಂದ ಬಂದದ್ದು. ಇಷ್ಟನ್ನೂ ಅವಳು ಅಲ್ಲೇ ಹೇಳಿದಳು, ಮೆಲ್ಲಗೆ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ. ದೊಡ್ಡ ಡಾಕ್ಟ್ರು ಶಲ್ಯ ಮೊದಲಿನ ಹಾಗೆ ಹೊದ್ದುಕೊಂಡರು. ಜರ್ಮನಿಯ ವಿರ್ಚೋ ಮಹಾಶಯ ಮನುಷ್ಯರ ವೈದ್ಯಕ್ಕೂ ಪ್ರಾಣಿಗಳ ವೈದ್ಯಕ್ಕೂ ನಡುವೆ ಗೆರೆಯಿಲ್ಲ, ಇರಲೂಬಾರದು ಎಂದು ಹತ್ತೊಂಬತ್ತನೇ ಶತಮಾನದಲ್ಲೇ ಹೇಳಿಹೋದ. ಗೆರೆ ಇಲ್ಲ ನಿಜ. ಅದರ ಬದಲು ಈಗ ಬೇರೆ ಬೇರೆ ಕೌನ್ಸಿಲ್ಲು, ಬೇರೆ ಬೇರೆ ಸಚಿವಾಲಯ, ಬೇರೆ ಬೇರೆ ಪಾರ್ಕಿಂಗ್ ಇವೆ.

ಉಣುಗು ರೋಗ ಹರಡಬಲ್ಲದು ಎಂದು ಜಗತ್ತಿಗೆ ತೋರಿಸಿಕೊಟ್ಟದ್ದೂ ಇಂಥದೇ ಒಂದು ಜೋಡಿ. 1893ರಲ್ಲಿ ಅಮೆರಿಕದ ದನಗಳ ಜ್ವರದ ಮೇಲೆ ಥಿಯೋಬಾಲ್ಡ್ ಸ್ಮಿತ್ ಎಂಬ ವೈದ್ಯನೂ ಕಿಲ್‌ಬೋರ್ನ್ ಎಂಬ ಪಶುವೈದ್ಯನೂ ಸೇರಿ ವರದಿ ಬರೆದರು. ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾ ಕಾಣುವುದಕ್ಕೆ ಆಗ ಇನ್ನೂ ನಾಲ್ಕು ವರ್ಷ ಬಾಕಿ. ಸ್ಮಿತ್ ಪಠ್ಯಪುಸ್ತಕ ಸೇರಿದ. ಕಿಲ್‌ಬೋರ್ನ್? ಅದೇ, ದನದ ಡಾಕ್ಟ್ರು.

ಸಂಶೋಧನೆಗೆ ಸೇರಿ ಆರು ತಿಂಗಳಿಗೆ ಅವಳಿಗೆ ಒಂದು ಸತ್ಯ ತಿಳಿಯಿತು. ಪ್ರಾಣಿಯನ್ನೂ ಮನುಷ್ಯನನ್ನೂ ಜೋಡಿಸುವ ವಿಜ್ಞಾನ ಎಂದರೆ ಬಹುಪಾಲು ಪ್ರಯೋಗಾಲಯಗಳಲ್ಲಿ ಇಲಿ. 'ಬ್ಲ್ಯಾಕ್ ಸಿಕ್ಸ್' ಎಂಬ ಕರಿ ಇಲಿಯಂತೆ. 1921ರಿಂದ ವಂಶಾವಳಿ ಬರೆದಿಟ್ಟಿದ್ದಾರೆ. ನಮ್ಮ ಮನೆತನದ್ದು ಅಜ್ಜನಿಂದಾಚೆಗೆ ಇಲ್ಲ. ಇಪ್ಪತ್ತು ತಲೆಮಾರು ಒಡಹುಟ್ಟಿದವುಗಳನ್ನೇ ಕೂಡಿಸಿದ ಮೇಲೆ ಶುದ್ಧ ತಳಿ ಎಂಬ ಬಿರುದು ಸಿಗುತ್ತದೆ. ಇದನ್ನು ಕೇಳಿ ನಮ್ಮ ಪುರೋಹಿತರು ಸಗೋತ್ರದ ವಿಷಯದಲ್ಲಿ ಎರಡು ದಿನ ಮೌನವಾಗಿದ್ದರು. ಇಲಿಗೆ ಹವಾನಿಯಂತ್ರಿತ ಕೋಣೆ, ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ, ತೂಕ ಮಾಡಿದ ಆಹಾರ. ಇಲಿ ನೋಡಿಕೊಳ್ಳುವವಳಿಗೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್, ಅದೂ ಬಂದಾಗ. ಐದು ತಿಂಗಳು ಬರದಿದ್ದಾಗ ಫೋನ್ ಮಾಡಿ, "ಮಾವ, ಈ ಸಂಸ್ಥೇಲಿ ಮುಂದಿನ ಜನ್ಮ ಅಂತಿದ್ರೆ ಇಲಿಯಾಗಿ ಬರ್ತೀನಿ" ಎಂದಳು.

ಅವಳಿಗೆ ಬೇಕಾದದ್ದು ಇಲಿಯಲ್ಲ, ನಮ್ಮೂರು. ಅದಕ್ಕೆ ಸಮಿತಿಗಳ ಒಪ್ಪಿಗೆ ಬೇಕು. ದನದ ರಕ್ತ ತೆಗೆಯಲು ಪ್ರಾಣಿಗಳ ನೀತಿ ಸಮಿತಿ; ಎಷ್ಟು ನೋವಾಗುತ್ತದೆ ಎಂದು ಕೇಳಿತು. ಜನರ ರಕ್ತ ತೆಗೆಯಲು ಮನುಷ್ಯರ ನೀತಿ ಸಮಿತಿ. ಕನ್ನಡದಲ್ಲಿ ಒಪ್ಪಿಗೆ ಪತ್ರ ತಾ ಎಂದಿತು. ಹದಿನಾಲ್ಕು ಪುಟದ ಪತ್ರ. 'ಭಾಗವಹಿಸುವಿಕೆಯ ಹಿಂಪಡೆಯುವಿಕೆಯ ಹಕ್ಕು ತಮಗೆ ಕಾಯ್ದಿರಿಸಲ್ಪಟ್ಟಿರುತ್ತದೆ' ಎಂಬಂಥ ಕನ್ನಡ. ಅಮ್ಮ ಕನ್ನಡಕ ಏರಿಸಿ ಮೊದಲ ಪುಟ ಓದಿ, "ಕೂಸೇ, ಇದಕ್ಕೆ ಸಹಿ ಹಾಕಿದ್ರೆ ತೋಟ ಹೋಗ್ತದಾ?" ಎಂದು ಕೇಳಿದಳು. ಕಾಡಿಗೆ ಹೋಗಲು ಖಾಕಿಯವರ ಅನುಮತಿ ಬೇರೆ. ಉಣುಗಿಗೆ ಮಾತ್ರ ಯಾವ ಸಮಿತಿಯೂ ಇಲ್ಲ. ಅದು ಯಾರನ್ನೂ ಕೇಳದೆ ದನದ ರಕ್ತ, ಮಂಗನ ರಕ್ತ, ಮನುಷ್ಯನ ರಕ್ತ ಮೂರೂ ಸಂಗ್ರಹಿಸಿ ಮುಗಿಸುತ್ತದೆ. ಇನ್ನು ವೈರಸ್ಸನ್ನು ಬೆಳೆಸಿ ನೋಡಬೇಕೆಂದರೆ ಕಡಿಮೆಯೆಂದರೂ ಬಿಎಸ್‌ಎಲ್-3 ಎಂಬ ಭದ್ರಕೋಟೆ ಬೇಕು, ಅವಳ ಸಂಸ್ಥೆಯಲ್ಲಿ ಇಲ್ಲ. ಹಾಗಾಗಿ ಯಾವ ವೈರಸ್ಸಿನ ಮೇಲೆ ಅವಳ ಪ್ರಬಂಧವೋ ಅದನ್ನು ಅವಳು ಮುಟ್ಟುವ ಹಾಗಿಲ್ಲ. ದರಗು ಗುಡಿಸುವ ನಮ್ಮ ಕೆಲಸದಾಕೆಗೆ ಮಾತ್ರ ಮುಕ್ತ ಪ್ರವೇಶ.

ಡಿಸೆಂಬರಿನಲ್ಲಿ ಒಂದು ಬಿಳಿ ಬಟ್ಟೆ ಹಿಡಿದು ಬಂದಳು. ಕಾಡಿನ ನೆಲದ ಮೇಲೆ ಅದನ್ನು ಎಳೆಯುತ್ತಾ ನಡೆಯುವುದು, ಹತ್ತಿಕೊಂಡ ಉಣುಗುಗಳನ್ನು ಚಿಮಟದಲ್ಲಿ ಎತ್ತಿ ಸೀಸೆಗೆ ಹಾಕುವುದು. ಇದು ಜಗತ್ತಿನಾದ್ಯಂತ ಒಪ್ಪಿದ ವಿಧಾನ. ಊರಿನವರು ಸೋಫಾ ಕವರು ಒಣಗಿಸಲು ಜಾಗ ಹುಡುಕುತ್ತಿದ್ದಾಳೆ ಎಂದುಕೊಂಡರು. ಅಮ್ಮನ ತಕರಾರು ಬೇರೆ: "ಬಟ್ಟೆ ಎಂತಕ್ಕೆ? ನಾನು ದರಗು ಗುಡಿಸಿ ಬಂದ ಮೇಲೆ ನನ್ನ ಸೀರೆ ನೆರಿಗೆ ನೋಡು, ಇದರ ಎರಡರಷ್ಟು ಸಿಗ್ತದೆ." ನೋಡಿದಳು. ಅಮ್ಮನ ಅಂದಾಜು ತಪ್ಪಿರಲಿಲ್ಲ. ಪ್ರಬಂಧದಲ್ಲಿ ಸೀರೆಯನ್ನು ವಿಧಾನವೆಂದು ಬರೆಯಲು ಮಾರ್ಗದರ್ಶಕರು ಒಪ್ಪಲಿಲ್ಲ, ಅಷ್ಟೇ.

ಮನೆಯಲ್ಲಿ ನಿಜವಾದ ಗಲಾಟೆ ಆದದ್ದು ನಮ್ಮ ಹಸು ಗೌರಿಯ ವಿಷಯಕ್ಕೆ. ಕಾಯಿಲೆಗೆ ಮಂಗನ ಹೆಸರಿದೆ, ಯಾಕೆಂದರೆ ಎದ್ದು ಕಾಣುವ ಹಾಗೆ ಸಾಯುವುದು ಅದು. ಉಣುಗು ಮರಿಯಾಗಿದ್ದಾಗ ಇಲಿ ಹೆಗ್ಗಣದಂಥವುಗಳ ಮೇಲೆ, ಮಂಗನ ಮೇಲೆ ಕೂರುತ್ತದೆ. ಬೆಳೆದ ಮೇಲೆ ಹೊಟ್ಟೆ ತುಂಬ ಕುಡಿಯುವುದು ಕಾಡಂಚಿನಲ್ಲಿ ಮೇಯುವ ದನದ ಮೈಯಲ್ಲಿ. ಕುಡಿದು, ಉದುರಿ, ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ದನಕ್ಕೆ ಈ ರೋಗ ತಟ್ಟುವುದಿಲ್ಲ, ಅದು ನಿಶ್ಚಿಂತೆಯಿಂದ ಮೆಲುಕು ಹಾಕುತ್ತಿರುತ್ತದೆ. ಅಂದರೆ ಸಾಯುವವನು ಮಂಗ, ಸಾಕುವವರು ನಾವು, ಅನ್ನಛತ್ರ ನಮ್ಮ ಕೊಟ್ಟಿಗೆಯದು. ಇದನ್ನು ಅರವತ್ತರ ದಶಕದಲ್ಲೇ ಪುಣೆಯ ತಂಡದವರು ಬರೆದಿಟ್ಟಿದ್ದಾರೆ. ಅವಳು ಊಟದ ಹೊತ್ತಿಗೆ ವಿವರಿಸಿದಳು. ಅಮ್ಮ ತಟ್ಟೆಯಿಂದ ಕೈ ತೆಗೆದಳು. "ನೀನು ಎಷ್ಟು ಬೇಕಾದ್ರೂ ಓದು. ಗೌರಿ ಹೆಸರು ಎತ್ತಬೇಡ." ಪ್ರಬಂಧದಲ್ಲಿ ಗೌರಿ ಈಗ 'ಸ್ಯಾಂಪಲ್ 41' ಆಗಿದ್ದಾಳೆ. ಅಮ್ಮನಿಗೆ ತಿಳಿಸಿಲ್ಲ.

ನಮ್ಮನ್ನು ಬಿಟ್ಟು ದನವನ್ನು ದೂರುವುದೂ ಸರಿಯಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯ ಕಡೆ ಕಾಡನ್ನು ನುಣ್ಣಗೆ ಬೋಳಿಸಿ ಗೇರು ನೆಡಲು ಹೊರಟರು. 1983ರ ಸುಮಾರಿಗೆ ಅಲ್ಲಿ 1,500ಕ್ಕೂ ಹೆಚ್ಚು ಜನ ಮಲಗಿದರು, ನೂರಕ್ಕೂ ಹೆಚ್ಚು ಮಂದಿ ಏಳಲೇ ಇಲ್ಲ. ಕಾಡು ಕಡಿದದ್ದು ಒಂದು ಕಡತ, ಸತ್ತದ್ದು ಇನ್ನೊಂದು ಕಡತ. ಎರಡಕ್ಕೂ ಒಂದೇ ದಾರ ಕಟ್ಟಲು ಗುಮಾಸ್ತರಿಗೆ ನಿಯಮವಿಲ್ಲ. 2019ರಲ್ಲಿ ನಮ್ಮದೇ ತಾಲ್ಲೂಕಿನ ಅರಲಗೋಡಿನಲ್ಲಿ ಹೆಣ ಬೀಳುತ್ತಿದ್ದಾಗ ಇಲ್ಲಿಯ ಪ್ರತಿ ಮನೆಯಲ್ಲೂ ಜ್ವರದ ಮಾತ್ರೆಯೂ ಹರಕೆಯೂ ಒಟ್ಟಿಗೇ ಸಿದ್ಧವಿದ್ದವು. ಆಗ ಕೊಡುತ್ತಿದ್ದ ಲಸಿಕೆ ತಯಾರಾಗುತ್ತಿದ್ದದ್ದು ಹೆಬ್ಬಾಳದಲ್ಲಿ, ಪಶು ಆರೋಗ್ಯ ಮತ್ತು ಜೈವಿಕಗಳ ಸಂಸ್ಥೆಯಲ್ಲಿ. ಅಂದರೆ ಮನುಷ್ಯನ ಚುಚ್ಚುಮದ್ದು ಪಶುಗಳ ಮನೆಯಿಂದ. ಏಕ ಆರೋಗ್ಯ ಅಂದರೆ ಇದೇ ಅಲ್ಲವೇ ಎಂದು ನಾನು ಹಿಗ್ಗುವಷ್ಟರಲ್ಲಿ, ಅದರ ಶಕ್ತಿ ಸಾಲದು ಎಂದು 2022ರಲ್ಲಿ ನಿಲ್ಲಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ನಾಗಪುರದಲ್ಲಿ ರಾಷ್ಟ್ರೀಯ ಏಕ ಆರೋಗ್ಯ ಸಂಸ್ಥೆಗೆ ಪ್ರಧಾನಿಗಳು ಅಡಿಗಲ್ಲು ಹಾಕಿದರು. ನಮಗೆ ಲಸಿಕೆ ಹೋಯಿತು, ದೇಶಕ್ಕೆ ಕಲ್ಲು ಬಂತು. ಸದ್ಯ ಆಶಾ ಕಾರ್ಯಕರ್ತೆ ಡೀಪಾ ಎಣ್ಣೆಯ ಬಾಟಲಿ ತಂದುಕೊಡುತ್ತಾರೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ಕಂಡುಹಿಡಿದ ಎಣ್ಣೆ ಅದು. ಹಂಚಿದ ಬಾಟಲಿಗೆ ಲೆಕ್ಕವಿದೆ, ಹಚ್ಚಿಕೊಂಡ ಕಾಲಿಗೆ ಇಲ್ಲ.

ಹೋದ ವರ್ಷ ಅವಳ ಜೊತೆ ಒಂದು ವಿಚಾರ ಸಂಕಿರಣಕ್ಕೆ ನಾನೂ ಹೋದೆ, ಊಟ ಚೆನ್ನಾಗಿರುತ್ತದೆ ಎಂಬ ಆಸೆಗೆ. ದೊಡ್ಡ ಹೋಟೆಲು. 'ಗೋಡೆಗಳನ್ನು ಒಡೆಯೋಣ' ಎಂಬ ಬ್ಯಾನರು. ಅದರ ಕೆಳಗೆ ವೈದ್ಯರು ಎಡಕ್ಕೆ, ಪಶುವೈದ್ಯರು ಬಲಕ್ಕೆ, ನಡುವೆ ಹೂಕುಂಡ. ಕಾಡಿನವರು ಬಂದಿರಲಿಲ್ಲ, ಆಹ್ವಾನ ಪತ್ರ ಬೇರೆ ವಿಭಾಗಕ್ಕೆ ಹೋಗಿತ್ತಂತೆ. ಉಣುಗಿನ ಪ್ರಶ್ನೆ ಎದ್ದಾಗ ವೇದಿಕೆಯ ಮೇಲಿದ್ದ ಕೀಟಶಾಸ್ತ್ರದ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಂಡು, "ಉಣುಗು ಕೀಟವಲ್ಲ. ಕೀಟಕ್ಕೆ ಆರು ಕಾಲು. ಇದಕ್ಕೆ ಎಂಟು, ಜೇಡನ ಬಳಗ. ಹಾಗಾಗಿ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಎಂದರು. ಹಿಂದಿನ ಸಾಲಿನಿಂದ ನಮ್ಮ ಹುಡುಗಿ ಎದ್ದು ನಿಂತಳು.

"ಸರ್, ಮರಿ ಉಣುಗಿಗೆ ಆರೇ ಕಾಲು. ಅಲ್ಲಿವರೆಗಾದ್ರೂ ನಿಮ್ಮದಲ್ವಾ?"

ಮಧ್ಯಾಹ್ನದ ಊಟಕ್ಕೆ ಹತ್ತು ನಿಮಿಷ ಮೊದಲೇ ಬಿಟ್ಟರು. ಊಟ ನಿಜಕ್ಕೂ ಚೆನ್ನಾಗಿತ್ತು.

ಮೊದಲ ಲೇಖನ ಬರೆದಳು. ಪಶುವೈದ್ಯದ ಪತ್ರಿಕೆ, ಇದರಲ್ಲಿ ಮನುಷ್ಯರು ಜಾಸ್ತಿ ಎಂದು ಹಿಂದಿರುಗಿಸಿತು. ವೈದ್ಯಕೀಯದ್ದು, ದನ ಜಾಸ್ತಿ ಎಂದಿತು. 'ಒನ್ ಹೆಲ್ತ್' ಎಂದೇ ಹಣೆಗೆ ಬರೆದುಕೊಂಡ ಮೂರನೆಯದು ಸಂತೋಷದಿಂದ ಒಪ್ಪಿ, ಅಚ್ಚು ಹಾಕಲು ಎರಡೂವರೆ ಸಾವಿರ ಡಾಲರ್ ಕಳಿಸಿ ಎಂದಿತು. ನಮ್ಮ ಒಂದು ವರ್ಷದ ಚಾಲಿ ಅಡಿಕೆಯ ಲೆಕ್ಕ ಹಾಕಿ ಸುಮ್ಮನಾದೆವು.

ಮೊನ್ನೆ ಒಂದು ನೇಮಕಾತಿ ಪ್ರಕಟಣೆ ಬಂತು. 'ಸಂಬಂಧಪಟ್ಟ ವಿಷಯದಲ್ಲಿ ಡಾಕ್ಟರೇಟ್ ಪಡೆದಿರತಕ್ಕದ್ದು.' ವೈದ್ಯಕೀಯ ಕಾಲೇಜಿಗೆ ಅವಳು ಎಂಬಿಬಿಎಸ್ ಅಲ್ಲ. ಪಶುವೈದ್ಯ ಕಾಲೇಜಿನವರು, ನೀವು ಜನರ ರಕ್ತ ಹಿಡಿದುಕೊಂಡು ಓಡಾಡಿದವರು ಎಂದರು. ಕಾಡಿನ ಸಂಸ್ಥೆಯವರು ಫೋನೇ ಎತ್ತಲಿಲ್ಲ. ಸಂಬಂಧ ಕಲ್ಪಿಸುವುದನ್ನೇ ಐದು ವರ್ಷ ಓದುವವಳು ಯಾವುದಕ್ಕೂ ಸಂಬಂಧಪಟ್ಟವಳಲ್ಲವಂತೆ. ಪ್ರಬಂಧ ಮುಗಿಯಲು ಇನ್ನೂ ಎರಡು ವರ್ಷ ಇದೆ, ಅಷ್ಟರಲ್ಲಿ ಯಾರಾದರೂ ನಾಲ್ಕನೆಯ ಜೀಪು ಕೊಳ್ಳಬಹುದು ಎಂದು ನಾನು ಸಮಾಧಾನ ಹೇಳಿದೆ.

ನಿನ್ನೆ ಸಂಜೆ ಜಗಲಿಯಲ್ಲಿ ಕೂತು ತಲೆಗೆ ಟಾರ್ಚು ಕಟ್ಟಿಕೊಂಡು ಸೀಸೆಯೊಳಗಿನ ಉಣುಗು ಎಣಿಸುತ್ತಿದ್ದಳು. ಫೋನ್ ಬಂತು. ಸೊರಬದ ಕಡೆಯ ಯಾರೋ, ಇವಳ ನಂಬರು ಯಾರು ಕೊಟ್ಟರೋ ಗೊತ್ತಿಲ್ಲ. ಮನೆ ಹಿಂದೆ ಮಂಗ ಸತ್ತಿದೆ, ಬೆಳಿಗ್ಗೆಯಿಂದ ಮೂರು ಕಡೆ ಫೋನ್ ಮಾಡಿ ಸಾಕಾಯಿತು ಎಂದ. "ಮುಟ್ಟಬೇಡಿ. ನಾಯಿ, ದನ ಹತ್ತಿರ ಬಿಡಬೇಡಿ. ಮಕ್ಕಳನ್ನ ಆ ಕಡೆ ಕಳಿಸಬೇಡಿ" ಎನ್ನುತ್ತಲೇ ಅವಳು ಕೈಗವಸು ಹುಡುಕತೊಡಗಿದಳು. ಅತ್ತಲಿಂದ ಅನುಮಾನದ ದನಿ, ಸ್ಪೀಕರಿನಲ್ಲಿದ್ದದ್ದರಿಂದ ನಮಗೂ ಕೇಳಿಸಿತು:

"ಮೇಡಂ, ತಾವು ಯಾವ ಇಲಾಖೆ?"

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು.

"ನಾನಿನ್ನೂ ಓದ್ತಾ ಇದೀನಿ ಅಣ್ಣ."

"ಓ, ಹಾಗಾದ್ರೆ ಬರ್ತೀರಿ ಬಿಡಿ" ಎಂದ ಅವನು, ಉಸಿರು ಬಿಟ್ಟು. "ಲೊಕೇಶನ್ ಕಳಿಸ್ತೀನಿ."